ಒಂದೇ ಪೆನ್ನಿನಲ್ಲಿ ಬರೆದ ಅಂಕಿಗಳು

ಪ್ರಶ್ನೆ: ನಾನು 49 ವರ್ಷದ ಹೆಂಗಸು. ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಟೈಪ್ 2 ಮಧುಮೇಹ ಪತ್ತೆಯಾಗಿ ಏಳು ವರ್ಷವಾಯಿತು. ಮೊದಲ ಕೆಲವು ವರ್ಷ ನಡಿಗೆ, ಪಥ್ಯ, ಪರೀಕ್ಷೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದೆ. ಒಂದು ವರ್ಷದಿಂದ ಯಾವುದೂ ಬೇಡವಾಗಿದೆ. ಮನೆಯಲ್ಲಿ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಮೂರು ತಿಂಗಳಿಂದ ಬೀರುವಿನಲ್ಲಿದೆ. ವೈದ್ಯರ ಬಳಿ ಹೋಗುವ ಹಿಂದಿನ ರಾತ್ರಿ ದಾಖಲೆ ಪುಸ್ತಕದಲ್ಲಿ ಅಂಕಿಗಳನ್ನು ನಾನೇ ಊಹಿಸಿ ತುಂಬುತ್ತೇನೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ 7.2 ಇದ್ದದ್ದು 9.1ಕ್ಕೆ ಏರಿದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದೇನೆ, ಮುಂದಿನ ಭೇಟಿಯಲ್ಲಿ ಇನ್ಸುಲಿನ್ ಎಂದಿದ್ದಾರೆ. ಬೆಳಿಗ್ಗೆ ತಿನ್ನುವ ಮನಸ್ಸಾಗುವುದಿಲ್ಲ, ಮಾತ್ರೆ ಮಾತ್ರ ನುಂಗಿ ಹೊರಡುತ್ತೇನೆ. ಎರಡು ಸಲ ತರಗತಿಯಲ್ಲೇ ಕೈ ನಡುಗಿ, ಬೆವರಿ, ಎದೆ ಡವಗುಟ್ಟಿ ಕುಳಿತುಬಿಟ್ಟೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಪಾಠ ಮಾಡುವುದರಲ್ಲಿದ್ದ ಖುಷಿಯೂ ಹೋಗಿದೆ. ಮನೆಯವರು "ಯೋಚನೆ ಮಾಡಬೇಡ" ಎನ್ನುತ್ತಾರೆ. "ಮನಸ್ಸಿನ ಮಾತ್ರೆ ತಿಂದರೆ ಶುಗರ್ ಏರುತ್ತದೆ, ಆಮೇಲೆ ಬಿಡಲೂ ಆಗುವುದಿಲ್ಲ" ಎಂದು ಅಕ್ಕ ಹೆದರಿಸಿದ್ದಾಳೆ. ಚಿಂತೆ ಮಾಡಿಯೇ ನನಗೆ ಈ ಕಾಯಿಲೆ ಬಂತೇ? ಈಗಿನದು ಖಿನ್ನತೆಯೇ, ಶುಗರೇ, ಬರೀ ಸೋಮಾರಿತನವೇ? ಕೆಲವು ದಿನ ಬೆಳಿಗ್ಗೆ ಏಳದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ನನ್ನ ಕೋಣೆಯಲ್ಲಿಯೂ ಮುಖ್ಯವಾದ ಮಾತು ಬರುವುದು ಹೀಗೆಯೇ ಕೊನೆಗೆ. ಎಲ್ಲ ಮುಗಿಯಿತು ಎಂದು ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, "ಇನ್ನೊಂದು ವಿಷಯ ಡಾಕ್ಟರೇ" ಎನ್ನುತ್ತಾರೆ. ಏಳದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವುದು ಬಹಳ ದಣಿದವರ ಮಾತು. ಅಷ್ಟೇ ಆಗಿರಬಹುದು. ಆದರೆ ನೀವು ನನ್ನೆದುರು ಇದ್ದಿದ್ದರೆ ನೇರವಾಗಿ ಕೇಳುತ್ತಿದ್ದೆ: ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ, ಹೇಗೆಂದು ಲೆಕ್ಕ ಹಾಕಿದ್ದೀರೇ? ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಮನೆಯವರಿಗೂ, ಕೆಲವು ವೈದ್ಯರಿಗೂ ಇದೆ. ಹಾಗೇನೂ ಆಗುವುದಿಲ್ಲ. ಹೆಚ್ಚಿನವರು ಕೇಳಿದ್ದಕ್ಕೆ ನಿಟ್ಟುಸಿರು ಬಿಡುತ್ತಾರೆ. ನಿಮ್ಮ ಉತ್ತರ ಹೌದು ಎಂದಾದರೆ, ಅಥವಾ ಮುಂದೆ ಎಂದಾದರೂ ಹೌದು ಎಂದಾದರೆ, ಮುಂದಿನ ಭೇಟಿಗೆ ಕಾಯಬೇಡಿ. ಮನೆಯಲ್ಲಿ ಒಬ್ಬರಿಗೆ ಅಂದೇ ಹೇಳಿ, ಮನೆಯಲ್ಲಿರುವ ಮಾತ್ರೆಗಳನ್ನು ಅವರ ಕೈಗೆ ಕೊಡಿ, ಅವರ ಜೊತೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉತ್ತರ ಇಲ್ಲ ಎಂದಾದರೂ ಈ ಸಾಲನ್ನು ನಿಮ್ಮ ವೈದ್ಯರಿಗೆ ಇದೇ ಪದಗಳಲ್ಲಿ ಹೇಳಬೇಕು.

ಇನ್ನೊಂದು ಅವಸರದ ವಿಷಯ ನಿಮ್ಮ ಪತ್ರದ ನಡುವೆ ಅಡಗಿದೆ, ನೀವು ಅದನ್ನು ದೊಡ್ಡದೆಂದು ಎಣಿಸಿದಂತಿಲ್ಲ. ಏನೂ ತಿನ್ನದೆ ಮಾತ್ರೆ ನುಂಗಿ ಹೊರಡುತ್ತೀರಿ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಹೊಟ್ಟೆ ತೊಳಸೀತು, ಅಷ್ಟೇ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಔಷಧ. ಹೊಟ್ಟೆಗೆ ಏನಾದರೂ ಹೋಗಿದೆಯೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ಅದನ್ನು ದಿನದ ಮೊದಲ ಮುಖ್ಯ ಆಹಾರದ ಜೊತೆಯಲ್ಲಿಯೇ ತೆಗೆದುಕೊಳ್ಳಬೇಕು. ತರಗತಿಯಲ್ಲಿ ಆದ ನಡುಕ, ಬೆವರು, ಎದೆಬಡಿತವನ್ನು ನೀವು ಆತಂಕ ಎಂದುಕೊಂಡಿರಬಹುದು. ನನಗೆ ಮೊದಲ ಅನುಮಾನ ರಕ್ತದ ಸಕ್ಕರೆ ಕುಸಿದಿರುವುದರ ಮೇಲೆ. ಎರಡಕ್ಕೂ ವೇಷ ಒಂದೇ, ಏಕೆಂದರೆ ಎರಡರಲ್ಲೂ ದೇಹ ಸುರಿಸುವುದು ಅದೇ ಅಡ್ರಿನಲಿನ್ ಹಾರ್ಮೋನು.

ಹಲವು ತಿಂಗಳು ಆತಂಕದ ಮಾತ್ರೆ ತಿಂದು ಗುಣವಾಗದೆ ಒಬ್ಬ ಮಹಿಳೆ ನನ್ನ ಬಳಿ ಬಂದಿದ್ದರು. ಮುಂದಿನ ಸಲ ಹಾಗಾದಾಗ ಮಾತ್ರೆಗಿಂತ ಮೊದಲು ಬೆರಳು ಚುಚ್ಚಿ ನೋಡಿ ಎಂದೆ. ನಾಲ್ಕು ದಿನದ ಬಳಿಕ ಒಂದು ಚೀಟಿ ತಂದರು. ಅದರಲ್ಲಿ ನಡುಗುವ ಅಕ್ಷರದಲ್ಲಿ 52 ಎಂದಿತ್ತು, ಸಮಯ ಬೆಳಗಿನ ಹನ್ನೊಂದೂ ಕಾಲು. ಅವರಿಗೆ ಬೇಕಾಗಿದ್ದದ್ದು ಮನೋವೈದ್ಯನಲ್ಲ, ಮಧುಮೇಹದ ಮಾತ್ರೆಯ ಪ್ರಮಾಣವನ್ನು ಇಳಿಸುವವರು. ಸಕ್ಕರೆಯ ಮಟ್ಟ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಕುಸಿತ, 54ಕ್ಕಿಂತ ಕೆಳಗೆ ಅಪಾಯ. ಆಗ ಸುಮಾರು 15 ಗ್ರಾಂ ಗ್ಲುಕೋಸನ್ನೋ ಸಕ್ಕರೆಯನ್ನೋ ನೀರಿಗೆ ಕರಗಿಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಯಂತ್ರ ಕೈಯಲ್ಲಿಲ್ಲದಿದ್ದರೆ ಕುಸಿತವೆಂದೇ ತಿಳಿದು ಸಕ್ಕರೆ ತೆಗೆದುಕೊಳ್ಳಿ, ವಾದ ಆಮೇಲೆ.

ಇಲ್ಲೊಂದು ಸಿಕ್ಕು ಇದೆ. ತಿಂಗಳುಗಟ್ಟಲೆ 220, 250ರಲ್ಲೇ ಇದ್ದ ದೇಹ ಅದಕ್ಕೇ ಒಗ್ಗಿಕೊಂಡಿರುತ್ತದೆ. ಅಂಥವರಿಗೆ 110ಕ್ಕೆ ಇಳಿದರೂ ನಡುಕ ಬರಬಹುದು, ಮೆದುಳು ಸುಳ್ಳು ಗಂಟೆ ಬಾರಿಸುತ್ತದೆ. ಅಂಥ ಪ್ರತಿ ಸಲವೂ ಸಕ್ಕರೆ ತಿಂದರೆ ಎಚ್‌ಬಿಎ1ಸಿ ಏರುತ್ತಲೇ ಹೋಗುತ್ತದೆ. ಹಾಗಾಗಿ ನಿಮ್ಮ ತರಗತಿಯ ಘಟನೆ ನಿಜವಾದ ಕುಸಿತವೋ, ಒಗ್ಗದ ಇಳಿತವೋ, ಆತಂಕವೋ ಎಂಬುದನ್ನು ಪತ್ರ ಓದಿ ಯಾರೂ ಹೇಳಲಾರರು. ಆ ಹೊತ್ತಿನ ಒಂದು ಅಂಕಿ ಹೇಳುತ್ತದೆ. ಆ ಅಂಕಿಯನ್ನು ಕೊಡುವ ಯಂತ್ರ ಬೀರುವಿನಲ್ಲಿದೆ.

ಈಗ ಆ ಪುಸ್ತಕದ ವಿಷಯ. ನಾನು ಮನೋವೈದ್ಯ, ಆದರೆ ವಾರದಲ್ಲಿ ಎರಡು ದಿನ ಮಧುಮೇಹ ವಿಭಾಗದಲ್ಲಿ ಕುಳಿತುಕೊಳ್ಳುತ್ತೇನೆ. ಊಹಿಸಿ ಬರೆದ ಪುಸ್ತಕವನ್ನು ಗುರುತಿಸುವುದು ಕಷ್ಟವಲ್ಲ. ಆರು ವಾರದ ಅಂಕಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇರುತ್ತವೆ. 128, 134, 126, 132. ನಡುವೆ ನಂಬಿಕೆ ಬರಲೆಂದು ಒಂದು 151. ಪುಟಕ್ಕೆ ಕಲೆಯಿಲ್ಲ, ಮೂಲೆ ಮಡಚಿಲ್ಲ. ನಿಜವಾಗಿ ದಿನವೂ ಬರೆದ ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಒಣಗಿದ ರಕ್ತದ ಚುಕ್ಕೆ ಇದ್ದೇ ಇರುತ್ತದೆ. ನೀವು ಗಣಿತದವರಾದ್ದರಿಂದ ಈ ಲೆಕ್ಕ ನೀವೇ ಮಾಡಬಹುದು: ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಸಿಗುತ್ತದೆ. 9.1ಕ್ಕೆ ಅದು ಸುಮಾರು 214. ನಿಮ್ಮ ಪುಸ್ತಕದ ಸರಾಸರಿ 130 ಎಂದಿಟ್ಟುಕೊಂಡರೆ ಎಚ್‌ಬಿಎ1ಸಿ 6.2ರ ಹತ್ತಿರ ಇರಬೇಕಿತ್ತು. ನಿಮ್ಮ ವೈದ್ಯರಿಗೆ ಇದು ತಿಳಿಯದೆ ಇಲ್ಲ. ಬಹುಶಃ ಮುಜುಗರ ಮಾಡಬಾರದೆಂದು ಸುಮ್ಮನಿದ್ದಾರೆ, ಇಲ್ಲವೇ ಮುಂದಿನ ರೋಗಿಯ ಅವಸರ. ಎರಡೂ ಕಡೆಯವರಿಗೆ ಗೊತ್ತಿರುವ ಒಂದು ಸುಳ್ಳನ್ನು ಮೇಜಿನ ಮೇಲಿಟ್ಟು ಮಾತನಾಡುತ್ತಿದ್ದೀರಿ. ಅದರ ನಷ್ಟ ನಿಮಗೆ. ಕುಸಿತ ಯಾವಾಗ, ಏರಿಕೆ ಯಾವಾಗ ಎಂದು ಗೊತ್ತಿಲ್ಲದೆ ಔಷಧದ ಪ್ರಮಾಣವನ್ನು ಕತ್ತಲಲ್ಲಿ ನಿರ್ಧರಿಸಬೇಕಾಗುತ್ತದೆ.

ಇದನ್ನು ನಿಮ್ಮನ್ನು ತಪ್ಪಿತಸ್ಥರನ್ನಾಗಿಸಲು ಬರೆಯುತ್ತಿಲ್ಲ. ಸೋಮಾರಿಗಳು ಪುಸ್ತಕ ತುಂಬುವುದೇ ಇಲ್ಲ. ಹಿಂದಿನ ರಾತ್ರಿ ಕುಳಿತು ನಲವತ್ತು ಅಂಕಿಗಳನ್ನು ಹೊಂದಿಸುವ ಶ್ರಮ ಪಡುವವರು ನಾಚಿಕೆಯಿಂದ ಬೇಯುತ್ತಿರುವವರು. ಯಂತ್ರ ತೋರಿಸುವ ಅಂಕಿ ಅವರಿಗೆ ರಕ್ತದ ಅಳತೆಯಾಗಿ ಉಳಿದಿರುವುದಿಲ್ಲ, ಉತ್ತರಪತ್ರಿಕೆಯ ಮೇಲೆ ಬರೆದ ಅಂಕವಾಗಿರುತ್ತದೆ. ಫೇಲಾಗುತ್ತೇನೆಂದು ಗೊತ್ತಿದ್ದ ಮೇಲೆ ದಿನಕ್ಕೆರಡು ಸಲ ಪರೀಕ್ಷೆ ಬರೆಯಲು ಯಾರು ತಾನೇ ಕೂರುತ್ತಾರೆ?

ಈ ಸ್ಥಿತಿಗೆ ಒಂದು ಹೆಸರು ಇದೆ, ಅದು ಖಿನ್ನತೆ ಅಲ್ಲ. 1995ರಲ್ಲಿ ಅಮೆರಿಕದ ಸಂಶೋಧಕರು ಮಧುಮೇಹದ ಹೊರೆಯನ್ನೇ ಅಳೆಯಲೆಂದು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮುಂದಕ್ಕೇನಾಗುವುದೋ ಎಂಬ ಭಯ, ತಿನ್ನುವಾಗಲೆಲ್ಲ ಅಪರಾಧಿ ಭಾವ, ದಿನನಿತ್ಯದ ಈ ದುಡಿಮೆಯಿಂದ ಸುಟ್ಟುಹೋದಂತಾಗುವುದು ಇಂಥವು ಅದರಲ್ಲಿವೆ. ಒಟ್ಟು 100ಕ್ಕೆ 40 ಅಥವಾ ಹೆಚ್ಚು ಬಂದರೆ ಗಂಭೀರ ಎಂದು ಲೆಕ್ಕ. ಕನ್ನಡದಲ್ಲಿ ನಾನು ಇದನ್ನು ಮಧುಮೇಹದ ಬಳಲಿಕೆ ಎನ್ನುತ್ತೇನೆ. ಟೈಪ್ 2 ಇರುವವರಲ್ಲಿ ಮೂವರಲ್ಲಿ ಒಬ್ಬರಾದರೂ ಇದನ್ನು ಅನುಭವಿಸುತ್ತಾರೆ. ಇದು ಮಾನಸಿಕ ರೋಗವಲ್ಲ. ರಜೆಯಿಲ್ಲದ, ಸಂಬಳವಿಲ್ಲದ, ಮೇಲಧಿಕಾರಿಯ ಬೈಗುಳ ಮಾತ್ರ ಇರುವ ಕೆಲಸವನ್ನು ಏಳು ವರ್ಷ ಮಾಡಿದವರಿಗೆ ಬರುವ ಸುಸ್ತು.

ಬಳಲಿಕೆಯನ್ನೂ ಖಿನ್ನತೆಯನ್ನೂ ಬೇರ್ಪಡಿಸಲು ನಾನು ಕೇಳುವ ಪ್ರಶ್ನೆ ಒಂದೇ. ನಾಳೆ ಬೆಳಿಗ್ಗೆ ಏಳುವ ಹೊತ್ತಿಗೆ ಮಧುಮೇಹ ಹೇಳಹೆಸರಿಲ್ಲದೆ ಹೋಗಿದ್ದರೆ ಏನು ಮಾಡುತ್ತೀರಿ? ಬಳಲಿದವರ ಮುಖ ಅರಳುತ್ತದೆ. ಕಾಯಿಲೆಯಿಂದ ಬಿಟ್ಟಿದ್ದೆಲ್ಲವನ್ನೂ ಒಂದೊಂದಾಗಿ ಹೇಳತೊಡಗುತ್ತಾರೆ, ನಾನೇ ತಡೆಯಬೇಕಾಗುತ್ತದೆ. ಖಿನ್ನತೆ ಇರುವವರು ಸ್ವಲ್ಪ ಹೊತ್ತು ಯೋಚಿಸಿ, "ಏನು ಮಾಡುವುದು, ಹೀಗೇ ಇರುತ್ತೇನೆ" ಎನ್ನುತ್ತಾರೆ. ಇದು ಪರೀಕ್ಷೆಯಲ್ಲ, ಬಾಗಿಲು ತೆರೆಯುವ ಕೀಲಿ ಅಷ್ಟೇ. ನೀವು ಪಾಠ ಮಾಡುವ ಖುಷಿಯೇ ಹೋಗಿದೆ ಎಂದು ಬರೆದಿದ್ದೀರಿ. ಪಾಠಕ್ಕೂ ಮಧುಮೇಹಕ್ಕೂ ಸಂಬಂಧವಿಲ್ಲ. ಕಾಯಿಲೆಯ ಗಡಿ ದಾಟಿ ಬೇಸರ ಬದುಕಿನ ಉಳಿದ ಕೋಣೆಗಳಿಗೂ ಹೊಕ್ಕಿದೆ. ಅದರ ಜೊತೆ ಮೂರು ಗಂಟೆಯ ಎಚ್ಚರ, ಬೆಳಗಿನ ಅರುಚಿ, ಕೊನೆಯ ಸಾಲು. ಬಳಲಿಕೆಯ ಮೇಲೆ ಖಿನ್ನತೆಯೂ ಬಂದು ಕುಳಿತಿದೆ ಎಂದೇ ನನ್ನ ಅಂದಾಜು. ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಆದರೆ ಅಂದಾಜನ್ನು ರೋಗನಿರ್ಣಯ ಎನ್ನಲು ಇನ್ನೂ ಕೆಲಸವಿದೆ. ಖಿನ್ನತೆಯನ್ನು ಅಳೆಯಲು ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪಟ್ಟಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕು. ಅದರಲ್ಲಿ ನಿದ್ರೆ, ಹಸಿವು, ಸುಸ್ತು, ಏಕಾಗ್ರತೆಯ ಪ್ರಶ್ನೆಗಳೂ ಇವೆ. ಸಕ್ಕರೆ 250ರಲ್ಲಿ ಇರುವ ಯಾರಿಗೇ ಆಗಲಿ ಅವಕ್ಕೆಲ್ಲ ಅಂಕ ಬಂದೇ ಬರುತ್ತದೆ. ಆದ್ದರಿಂದ ನಾನು ಮೊದಲು ನೋಡುವುದು ಮಧುಮೇಹ ತಂದಿಡಲಾರದ ಎರಡು ಲಕ್ಷಣಗಳನ್ನು: ಹಿಂದೆ ಹಿಡಿಸುತ್ತಿದ್ದುದು ಯಾವುದೂ ಹಿಡಿಸದಿರುವುದು, ಮತ್ತು ತಾನು ಕೆಲಸಕ್ಕೆ ಬಾರದವಳು ಎಂಬ ಭಾವ.

ಮೂರು ಗಂಟೆಯ ಎಚ್ಚರವನ್ನೇ ತೆಗೆದುಕೊಳ್ಳಿ. ಕಣ್ಣು ಬಿಟ್ಟ ತಕ್ಷಣ ಮೂತ್ರಕ್ಕೆ ಓಡಬೇಕಾದರೆ, ಬಾಯಿ ಒಣಗಿದ್ದರೆ, ಏರಿದ ಸಕ್ಕರೆ ಎಬ್ಬಿಸಿದೆ. ಬಟ್ಟೆ ಬೆವರಿನಿಂದ ತೊಯ್ದು, ತಲೆ ಭಾರವಾಗಿ, ಕೆಟ್ಟ ಕನಸು ಬಿದ್ದು ಎಚ್ಚರವಾದರೆ ನಿದ್ರೆಯಲ್ಲಿ ಸಕ್ಕರೆ ಕುಸಿದಿರಬಹುದು. ಆದರೆ ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಬೆವರೂ ಹಾಗೆಯೇ ಇರುತ್ತದೆ, ಆ ಕಾಲಕ್ಕೆ ಮನಸ್ಸು ಕುಗ್ಗುವುದೂ ಉಂಟು. ಗಟ್ಟಿಯಾಗಿ ಗೊರಕೆ ಹೊಡೆಯುತ್ತೀರಿ, ನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ. ಅದು ಟೈಪ್ 2 ಇರುವವರಲ್ಲಿ ಸಾಮಾನ್ಯ, ಹಗಲಿಡೀ ಸುಸ್ತು ತರುತ್ತದೆ, ಯಾವ ಖಿನ್ನತೆಯ ಮಾತ್ರೆಗೂ ಜಗ್ಗುವುದಿಲ್ಲ. ಇವು ಯಾವುವೂ ಇಲ್ಲದೆ, ಕಣ್ಣು ಬಿಟ್ಟೊಡನೆ ಮನಸ್ಸು ಹಳೆಯ ತಪ್ಪುಗಳ ಲೆಕ್ಕಪುಸ್ತಕ ತೆರೆದು ಕುಳಿತರೆ, ಬೆಳಗಿನ ಹೊತ್ತು ಅತಿ ಭಾರವಾಗಿದ್ದು ಸಂಜೆಯ ಹೊತ್ತಿಗೆ ಕೊಂಚ ಹಗುರವಾದರೆ, ಅದು ಖಿನ್ನತೆಯ ನಡೆ. ಒಂದು ವಾರ ಎಚ್ಚರವಾದಾಗ ಮೊದಲು ಏನಾಯಿತು ಎಂದು ಒಂದೊಂದು ಪದದಲ್ಲಿ ಬರೆದಿಡಿ. ಅಂಥ ಏಳು ಪದಗಳು ನನಗೆ ದುಬಾರಿ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತವೆ.

ರಕ್ತ ಪರೀಕ್ಷೆಯೂ ಬೇಕು. ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ಸುಸ್ತು, ಮರೆವು, ಕುಗ್ಗಿದ ಮನಸ್ಸು, ಪಾದದ ಜೋಮು ಎಲ್ಲವೂ ಅದರಿಂದಲೇ ಬರಬಹುದು, ಕೊಟ್ಟರೆ ಸರಿಹೋಗುತ್ತದೆ. ಪಾದದ ಜೋಮನ್ನು ಮಧುಮೇಹದ ಖಾತೆಗೆ ಬರೆದು ಕೈತೊಳೆದುಕೊಂಡ ಎಷ್ಟೋ ಪ್ರಕರಣಗಳಲ್ಲಿ ಯಾರೂ ಬಿ12 ನೋಡಿಯೇ ಇರುವುದಿಲ್ಲ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿಯ ಅಂಕಿಯೇ ದಾರಿ ತಪ್ಪಿಸಬಹುದು.

ಚಿಂತೆ ಮಾಡಿ ಕಾಯಿಲೆ ತಂದುಕೊಂಡೆನೇ ಎಂದು ಕೇಳಿದ್ದೀರಿ. ಈ ಅನುಮಾನ ಹಳೆಯದು. ಮಧುಮೇಹಿಗಳ ಮೂತ್ರ ಸಿಹಿ ಎಂದು 17ನೇ ಶತಮಾನದಲ್ಲಿ ದಾಖಲಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಈ ರೋಗಕ್ಕೆ ದೀರ್ಘಕಾಲದ ದುಃಖವೂ ಕಾರಣ ಎಂದು ಬರೆದಿದ್ದ. ಅವನ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಖಿನ್ನತೆ ಇರುವವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಹೆಚ್ಚು, ಮಧುಮೇಹ ಇರುವವರಿಗೆ ಖಿನ್ನತೆ ಬರುವ ಸಂಭವವೂ ಹೆಚ್ಚು. ಮಧುಮೇಹಿಗಳಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂದು 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂತು. ದೀರ್ಘ ಒತ್ತಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿಯೇ ಇರುತ್ತದೆ. ಅದು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ, ಜೀವಕೋಶಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತದೆ, ಕೊಬ್ಬನ್ನು ಹೊಟ್ಟೆಯ ಸುತ್ತ ಸೇರಿಸುತ್ತದೆ. ನಿದ್ರೆಗೆಟ್ಟರೆ, ನಡಿಗೆ ನಿಂತರೆ, ತಿನ್ನುವ ಹೊತ್ತು ತಪ್ಪಿದರೆ ಅದಕ್ಕೆ ಇನ್ನಷ್ಟು ಬಲ. ಆದರೆ ಚಿಂತೆ ಒಂದೇ ಯಾರಿಗೂ ಮಧುಮೇಹ ತರುವುದಿಲ್ಲ. ಅನುವಂಶೀಯತೆ, ದೇಹದ ತೂಕ, ವಯಸ್ಸು, ಇನ್ಸುಲಿನ್ ತಯಾರಿಸುವ ಮೇದೋಜೀರಕದ ಬೀಟಾ ಕೋಶಗಳ ತಾಕತ್ತು ಎಲ್ಲ ಸೇರಬೇಕು. ಇಷ್ಟು ಮಂದಿ ಸೇರಿ ಮಾಡಿದ ಕೆಲಸಕ್ಕೆ ನಿಮ್ಮ ಚಿಂತೆಯೊಂದನ್ನೇ ಕಟಕಟೆಗೆ ಏರಿಸುವುದು ನ್ಯಾಯವಲ್ಲ. "ಯೋಚನೆ ಮಾಡಬೇಡ" ಎನ್ನುವವರಿಗೂ ಒಂದು ಮಾತು: ಹಾಗೆ ಹೇಳಿದ್ದರಿಂದ ಯೋಚನೆ ನಿಲ್ಲಿಸಿದ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲ.

ಇನ್ನು ಚಿಕಿತ್ಸೆ. ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಸಕ್ಕರೆ ತಾನಾಗಿ ಇಳಿಯುತ್ತದೆ ಎಂದು ನಾವೂ ಒಂದು ಕಾಲದಲ್ಲಿ ನಂಬಿದ್ದೆವು. 2004ರಲ್ಲಿ ಅಮೆರಿಕದಲ್ಲಿ 329 ಮಧುಮೇಹಿಗಳ ಮೇಲೆ ನಡೆದ ಪಾಥ್‌ವೇಸ್ ಎಂಬ ಪ್ರಯೋಗದಲ್ಲಿ ಖಿನ್ನತೆ ಇಳಿಯಿತು, ಎಚ್‌ಬಿಎ1ಸಿ ಇದ್ದಲ್ಲೇ ಇತ್ತು. ಅದೇ ತಂಡ ಪಾಠ ಕಲಿತು 2010ರಲ್ಲಿ 214 ಮಂದಿಯ ಇನ್ನೊಂದು ಪ್ರಯೋಗ ಮಾಡಿತು. ಈ ಸಲ ತರಬೇತಾದ ನರ್ಸ್ ಒಬ್ಬರು ಮನಸ್ಸು, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ನಾಲ್ಕನ್ನೂ ಒಟ್ಟಿಗೆ ಹಿಂಬಾಲಿಸಿದರು, ಹಿಂದೆ ವೈದ್ಯರು ನಿಂತರು. ನಾಲ್ಕೂ ಸುಧಾರಿಸಿದವು. ಭಾರತದ ನಾಲ್ಕು ಮಧುಮೇಹ ಕ್ಲಿನಿಕ್‌ಗಳಲ್ಲಿ 404 ಮಂದಿಯ ಮೇಲೆ ಇದೇ ಮಾದರಿಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು, ಅಲ್ಲಿಯೂ ಫಲ ಸಿಕ್ಕಿತು. ಮನೋವೈದ್ಯರು ಒಂದು ಕಡೆ, ಮಧುಮೇಹ ತಜ್ಞರು ಇನ್ನೊಂದು ಕಡೆ ಇದ್ದು ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ನಿಮ್ಮ ಊರಿನಲ್ಲಿ ಇಬ್ಬರೂ ಒಂದೇ ಸೂರಿನಡಿ ಸಿಗದಿದ್ದರೆ ಎರಡೂ ಚೀಟಿಗಳನ್ನು ಒಂದೇ ಕಡತದಲ್ಲಿಟ್ಟು ಇಬ್ಬರಿಗೂ ತೋರಿಸುವ ಕೆಲಸ ನಿಮ್ಮದು. ಅನ್ಯಾಯವೇ, ಆದರೆ ಸದ್ಯಕ್ಕೆ ಹಾಗೇ ಇದೆ.

ನಿಮ್ಮಂಥವರಿಗೆ ನಾನು ಸಾಮಾನ್ಯವಾಗಿ ಮೊದಲು ಸೂಚಿಸುವುದು ಮಾತಿನ ಚಿಕಿತ್ಸೆ, ಮುಖ್ಯವಾಗಿ ಯೋಚನೆ ಮತ್ತು ನಡವಳಿಕೆಯನ್ನು ಹಿಡಿದು ಮಾಡುವ ಸಿಬಿಟಿ. ವಾರಕ್ಕೊಂದು ಸಲದಂತೆ ಹತ್ತು ಹನ್ನೆರಡು ಭೇಟಿ. ಬರೀ ಸಮಾಧಾನದ ಮಾತು ಅಲ್ಲಿ ನಡೆಯುವುದಿಲ್ಲ. "240 ಬಂತು, ಅಂದರೆ ನಾನು ಕೆಲಸಕ್ಕೆ ಬಾರದವಳು" ಎಂಬ ವಾಕ್ಯವನ್ನು ಎತ್ತಿಕೊಂಡು, ಅದರ "ಅಂದರೆ" ಎಲ್ಲಿಂದ ಬಂತು ಎಂದು ನಿಮ್ಮ ಕೈಯಲ್ಲೇ ಬಿಡಿಸಿಸುತ್ತಾರೆ. ಗಣಿತದವರಿಗೆ ಇದು ಬೇಗ ಹಿಡಿಸುತ್ತದೆ, ಹಂತ ಬಿಟ್ಟ ಸಾಧನೆಯನ್ನು ನೀವು ಮಕ್ಕಳಿಂದ ಒಪ್ಪುವುದಿಲ್ಲವಲ್ಲ. ಇದರ ದೋಷವೆಂದರೆ ಸಮಯ ಬೇಕು, ತರಬೇತಾದವರು ಎಲ್ಲೆಡೆ ಸಿಗುವುದಿಲ್ಲ, ತೀವ್ರ ಖಿನ್ನತೆಯಲ್ಲಿ ಒಂದೇ ಸಾಲದು. ನಡಿಗೆ, ವ್ಯಾಯಾಮ ಮನಸ್ಸಿಗೂ ಸಕ್ಕರೆಗೂ ಒಟ್ಟಿಗೆ ಕೆಲಸ ಮಾಡುವ ಅಪರೂಪದ ಔಷಧ. ಆದರೆ ಖಿನ್ನತೆಯಲ್ಲಿ ಇರುವವರಿಗೆ ವಾರಕ್ಕೆ 150 ನಿಮಿಷ ನಡೆಯಿರಿ ಎನ್ನುವುದು ಕಾಲು ಮುರಿದವರಿಗೆ ಓಡಿ ಎಂದಂತೆ. ಹತ್ತು ನಿಮಿಷ, ಮನೆಯಿಂದ ಹೊರಗೆ, ದಿನವೂ ಒಂದೇ ಹೊತ್ತಿಗೆ. ಮೊದಲ ತಿಂಗಳಿಗೆ ಅಷ್ಟು ಸಾಕು.

ಮಾತ್ರೆಗಳ ಬಗ್ಗೆ ನಿಮ್ಮ ಅಕ್ಕ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ, ಯಾವ ಮಾತ್ರೆ ಎಂಬುದರ ಮೇಲೆ ನಿಂತಿದೆ. ಅಮಿಟ್ರಿಪ್ಟಲೀನ್, ನಾರ್ಟ್ರಿಪ್ಟಲೀನ್‌ನಂತಹ ಹಳೆಯ ಗುಂಪಿನವು ಮತ್ತು ಮಿರ್ಟಜಪಿನ್ ಹಸಿವು, ತೂಕ ಹೆಚ್ಚಿಸುತ್ತವೆ. ನಾರ್ಟ್ರಿಪ್ಟಲೀನ್ ಖಿನ್ನತೆಯನ್ನು ಇಳಿಸಿದರೂ ಸಕ್ಕರೆಯನ್ನು ಏರಿಸಿದ್ದು 1990ರ ದಶಕದ ಪ್ರಯೋಗದಲ್ಲೇ ಕಂಡಿತ್ತು. ಮನೋವಿಕಾರಗಳಿಗೆ ಕೊಡುವ ಒಲಾಂಜಪಿನ್, ಕ್ಲೋಜಪಿನ್ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತವೆ, ಅಕ್ಕನ ಭಯ ಅಲ್ಲಿಂದ ಬಂದಿರಬಹುದು. ಈಗ ಮೊದಲಿಗೆ ಬರೆಯುವ ಸರ್ಟ್ರಲೀನ್, ಎಸಿಟಲೋಪ್ರಾಮ್, ಫ್ಲೂಆಕ್ಸೆಟಿನ್ ಸಾಮಾನ್ಯವಾಗಿ ಸಕ್ಕರೆಯನ್ನು ಏರಿಸುವುದಿಲ್ಲ, ಕೆಲವರಲ್ಲಿ ಕೊಂಚ ಇಳಿಸುತ್ತವೆ. ನಿಮ್ಮ ವಿಷಯದಲ್ಲಿ ನಾನು ಎಚ್ಚರ ವಹಿಸುವುದು ಈ ಇಳಿಯುವ ಕಡೆಗೇ. ಫ್ಲೂಆಕ್ಸೆಟಿನ್ ಯಕೃತ್ತಿನಲ್ಲಿ ಗ್ಲಿಮೆಪಿರೈಡ್ ಕರಗುವುದನ್ನು ನಿಧಾನಿಸಿ ಕುಸಿತ ತರಬಹುದು. ಹಾಗಾಗಿ ಶುರು ಮಾಡಿದ ಮೊದಲ ವಾರಗಳಲ್ಲಿ ಬೆರಳು ಚುಚ್ಚುವುದನ್ನು ಹೆಚ್ಚಿಸಬೇಕು. ಪಾದದಲ್ಲಿ ಉರಿ, ಚುಚ್ಚುವ ನೋವು ಇದ್ದರೆ ಡುಲೋಕ್ಸೆಟಿನ್ ನೋವಿಗೂ ಖಿನ್ನತೆಗೂ ಆಗುತ್ತದೆ, ಆದರೆ ರಕ್ತದೊತ್ತಡವನ್ನೂ ಬರಿಹೊಟ್ಟೆಯ ಸಕ್ಕರೆಯನ್ನೂ ಕೊಂಚ ಏರಿಸಬಹುದು.

ಮೊದಲ ವಾರ ವಾಕರಿಕೆ, ತಲೆನೋವು ಇರುತ್ತದೆ. ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಇದನ್ನು ವೈದ್ಯರೂ ಕೇಳುವುದಿಲ್ಲ, ರೋಗಿಗಳೂ ಹೇಳುವುದಿಲ್ಲ, ಮಾತ್ರೆ ಮಾತ್ರ ಸದ್ದಿಲ್ಲದೆ ನಿಂತುಹೋಗುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚು, ಅದನ್ನು ತಿಳಿಸಿ. ಫಲ ಕಾಣಲು ಎರಡು ವಾರವಾದರೂ ಬೇಕು, ಮಾತ್ರೆ ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ನಾಲ್ಕರಿಂದ ಆರು ವಾರ. ಮನಸ್ಸು ತಿಳಿಯಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸಬೇಕು. ತಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಬರುತ್ತದೆ, ಅದನ್ನು ಚಟ ಎಂದುಕೊಳ್ಳುವವರಿದ್ದಾರೆ. ಚಟ ಹತ್ತಿಸುವ ಗುಣ ಇರುವುದು ಅಲ್‌ಪ್ರಜೋಲಂನಂತಹ ನಿದ್ರೆ ಮತ್ತು ಆತಂಕದ ಮಾತ್ರೆಗಳಿಗೆ. ಚೀಟಿಯಿಲ್ಲದೆ ಅವನ್ನು ಅಂಗಡಿಯಿಂದ ತರಿಸಿ ನುಂಗುವವರು ಖಿನ್ನತೆಯ ಮಾತ್ರೆಗೆ ಹೆದರುವುದನ್ನು ನೋಡಿದಾಗ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಇನ್ಸುಲಿನ್ ನಿಮಗೆ ಸೋಲಿನಂತೆ ಕಂಡರೆ ಆಶ್ಚರ್ಯವಿಲ್ಲ. "ಪಥ್ಯ ಮಾಡದಿದ್ದರೆ ಇನ್ಸುಲಿನ್ ಹಾಕಬೇಕಾಗುತ್ತದೆ" ಎಂದು ವರ್ಷಗಟ್ಟಲೆ ಬೆದರಿಸಿದವರು ನಾವೇ, ವೈದ್ಯರು. 1977ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ 1998ರಲ್ಲಿ ಮುಖ್ಯ ಫಲಿತಾಂಶ ಬಂದ, ಟೈಪ್ 2 ಮಧುಮೇಹದ ಯುಕೆಪಿಡಿಎಸ್ ಎಂಬ ಅಧ್ಯಯನ ತೋರಿಸಿದ್ದು ಬೇರೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ. ಒಂಬತ್ತು ವರ್ಷದ ಹೊತ್ತಿಗೆ ಒಂದೇ ಔಷಧದಲ್ಲಿ ಹಿಡಿತ ಉಳಿಸಿಕೊಂಡವರು ನಾಲ್ವರಲ್ಲಿ ಒಬ್ಬರಷ್ಟೇ. ಶಿಸ್ತಿನ ಮನುಷ್ಯರಿಗೂ ಇದು ತಪ್ಪಿದ್ದಲ್ಲ. ಹಾಗೆಂದು ಈಗಲೇ ಹಾಕಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಸುಳ್ಳು ಅಂಕಿ ಮತ್ತು ತಿನ್ನದೆ ನುಂಗಿದ ಮಾತ್ರೆಯ ಮೇಲೆ ತೆಗೆದುಕೊಂಡ ತೀರ್ಮಾನ ಅದು. ನಿಜವಾದ ಅಂಕಿಗಳನ್ನು ಎರಡು ವಾರ ನೋಡಿದರೆ ವೈದ್ಯರು ಬೇರೆಯದೇ ಹಾದಿ ಹಿಡಿಯಬಹುದು, ಗ್ಲಿಮೆಪಿರೈಡನ್ನೇ ಬದಲಾಯಿಸಬಹುದು, ಇನ್ಸುಲಿನ್ನೇ ಸರಿ ಎನ್ನಬಹುದು. ಸರಿ ಎಂದರೆ ಮೂರು ತಿಂಗಳ ಪ್ರಯೋಗವಾಗಿ ಒಪ್ಪಿಕೊಳ್ಳಿ. ಆದರೆ ಮನೆಗೆ ಇನ್ಸುಲಿನ್ ತರುವ ಮೊದಲು ನಿಮ್ಮ ಕೊನೆಯ ಸಾಲಿನ ವಿಷಯ ಅವರಿಗೆ ಗೊತ್ತಿರಲೇಬೇಕು.

ಆ ಪುಸ್ತಕವನ್ನು ಏನು ಮಾಡಬೇಕು ಎಂದು ನೀವು ಕೇಳಲಿಲ್ಲ, ಕೇಳಿದಂತೆ ನನಗೆ ಕೇಳಿಸಿತು. ಹರಿಯಬೇಡಿ, ಹೊಸದು ಕೊಳ್ಳಬೇಡಿ. ಕೊನೆಯ ಅಂಕಿಯ ಕೆಳಗೆ ಒಂದು ಗೆರೆ ಎಳೆಯಿರಿ. ಗ್ಲುಕೋಮೀಟರಿನ ಪಟ್ಟಿಗಳ ಅವಧಿ ಮುಗಿದಿದೆಯೇ ನೋಡಿ, ಮೂರು ತಿಂಗಳಲ್ಲಿ ಮುಗಿದಿರಬಹುದು. ದಿನಕ್ಕೆ ಒಂದೇ ಸಲ ಸಾಕು: ಒಂದು ದಿನ ಬೆಳಿಗ್ಗೆ ಏನೂ ತಿನ್ನುವ ಮೊದಲು, ಮರುದಿನ ತಿಂದು ಎರಡು ಗಂಟೆಗೆ, ಮತ್ತೊಂದು ದಿನ ಮಲಗುವ ಮುನ್ನ. ನಡುಕ ಬಂದಾಗ ಮಾತ್ರ ಯಾವ ಹೊತ್ತಾದರೂ ಸರಿ. ಮನೆಯವರು ಪುಸ್ತಕ ನೋಡಬಹುದು, ಟೀಕೆ ಮಾಡಬಾರದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ವೈದ್ಯರ ಕೋಣೆಯಲ್ಲಿ ಪುಸ್ತಕ ತೆರೆದು ಗೆರೆಯ ಮೇಲೆ ಬೆರಳಿಟ್ಟು, "ಇಲ್ಲಿಂದ ಮೇಲೆ ನಾನು ಊಹಿಸಿ ಬರೆದದ್ದು, ಇಲ್ಲಿಂದ ಕೆಳಗೆ ನಿಜ" ಎಂದಷ್ಟೇ ಹೇಳಿ. ಅವರು ಬೈದರೆ ಇನ್ನೊಬ್ಬ ವೈದ್ಯರನ್ನು ಹುಡುಕಿ. ನಾನು ಕಂಡಂತೆ ಹೆಚ್ಚಿನವರು ಬೈಯುವುದಿಲ್ಲ, ಪೆನ್ನು ಕೆಳಗಿಟ್ಟು ಮೊದಲ ಸಲ ನಿಮ್ಮ ಮುಖ ನೋಡುತ್ತಾರೆ.